ಒಂಬತ್ತರ ಮೇಲಿದ್ದ ಬೆರಳು

ರಕ್ತನಿಧಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಅಲ್ಲಿಯವರು ಇಟ್ಟ ಹೆಸರು ನಿಧಾನಕ್ಕ. ಒಂದು ಫೈಲು ಅಳಿಸಬೇಕಾದರೂ ಮೂರು ಸಲ ಓದುವವಳು. ಹಾಲು ಉಕ್ಕುತ್ತಿದ್ದರೂ ಒಲೆ ಆರಿಸಲೋ ಬೇಡವೋ ಎಂದು ಯೋಚಿಸುತ್ತಾಳೆ ಎಂದು ಗಂಡ ರೇಗಿಸುತ್ತಾನೆ. ಅವಳು ಹುಟ್ಟಿನಿಂದ ಹೀಗಲ್ಲ ಎನ್ನುವುದು ಹಳಬರಿಗಷ್ಟೇ ಗೊತ್ತು.

ಮೂರು ವರ್ಷದ ಹಿಂದೆ ಆಕೆ ಬಲು ಚುರುಕು. ಒಮ್ಮೆ ಅವಸರಕ್ಕೆ ಬಿದ್ದು, ಇನ್ನೂ ಕೆಲಸದಲ್ಲಿದ್ದ ಅಪ್‌ಡೇಟೊಂದನ್ನು ಒಂದೇ ಏಟಿಗೆ ಕೊಂದುಬಿಟ್ಟಳು. ಅಲ್ಲಿನ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್‌ನಲ್ಲಿ, ಓಡುತ್ತಿರುವ ಪ್ರೋಗ್ರಾಮನ್ನು ಕೊಲ್ಲುವ ಆಜ್ಞೆಗೆ ಒಂಬತ್ತು ಎಂಬ ಅಂಕಿ ಸೇರಿಸಿದರೆ ಮುಗಿಯಿತು, ಪ್ರೋಗ್ರಾಮಿಗೆ ಕೈಯಲ್ಲಿದ್ದುದನ್ನು ಕೆಳಗಿಡುವಷ್ಟೂ ಪುರುಸೊತ್ತಿರುವುದಿಲ್ಲ. ಅಂದು ಅದರ ಜೊತೆ ದಾಖಲೆಗಳೂ ಹೋದವು. ಕೈಬರಹದ ಚೀಟಿಗಳನ್ನಷ್ಟೇ ನೆಚ್ಚಿ ಯಾವ ಚೀಲದ ರಕ್ತ ಯಾವ ಗುಂಪಿನದೆಂದು ನಂಬಲಾಗದೆ ನಲವತ್ತೊಂದು ಚೀಲ ನಾಶ ಮಾಡಿದರು. ಆಮೇಲೆ ನಿಯಮ ಬಂತು: ಯಂತ್ರ ಅಚ್ಚು ಹಾಕಿದ ಚೀಟಿಯಿಲ್ಲದೆ ಒಂದು ಚೀಲವೂ ಹೊರಗೆ ಹೋಗಕೂಡದು. ಕೈಬರಹ ನಡೆಯುವುದಿಲ್ಲ.

ಈ ಬೆಳಿಗ್ಗೆ ಚೀಟಿಯ ಪ್ರಿಂಟರು ಕೈಕೊಟ್ಟಿತು. ಹೊಸದನ್ನು ತಂದು ಅದರ ಸಾಫ್ಟ್‌ವೇರ್ ಹಾಕಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಒಂದು ಸಲಕ್ಕೆ ಒಬ್ಬರೇ ಎಂಬ ಬೀಗವನ್ನು ಇನ್ನೊಂದು ಪ್ರೋಗ್ರಾಮು ಆಗಲೇ ಹಿಡಿದು ಕೂತಿದೆ ಎಂದು ಅದರ ಸಂಖ್ಯೆ ತೋರಿಸಿತು. ಅದೇ ಹೊತ್ತಿಗೆ ಆಪರೇಷನ್ ಥಿಯೇಟರಿನಿಂದ ಫೋನು. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ತಕ್ಷಣ ಎರಡು ಚೀಲ ಬೇಕು.

ಟೆಕ್ನಿಷಿಯನ್ ಚೀಲಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಅವಳ ಬೆನ್ನ ಹಿಂದೆ ಬಂದು ನಿಂತ.  ಅವಳು ಬೀಗ ಹಿಡಿದದ್ದು ಯಾರೆಂದು ಮೊದಲು ನೋಡಿದಳು. ದಿನಾ ಬೆಳಿಗ್ಗೆ ತಾನಾಗಿಯೇ ಶುರುವಾಗುವ ಅಪ್‌ಡೇಟ್. ಅದು ಮಾಡಿದ್ದೆಲ್ಲ ದಾಖಲಾಗುವ ಲಾಗ್‌ನ ಕೊನೆಯ ಸಾಲು ನಲವತ್ತು ನಿಮಿಷದಿಂದ ಅಲ್ಲಾಡಿರಲಿಲ್ಲ. ಇಂಟರ್ನೆಟ್ ಹೋಗಿ ಬಂದಾಗ ಡೌನ್‌ಲೋಡ್ ಅರ್ಧದಲ್ಲೇ ನಿಂತಿತ್ತು. ಡಿಸ್ಕಿಗೆ ಏನನ್ನೂ ಬರೆಯುತ್ತಿರಲಿಲ್ಲ. ಅಂದರೆ ನಿಲ್ಲಿಸಬಹುದು. ಅಂದೂ ಹೀಗೇ ಅನ್ನಿಸಿತ್ತಲ್ಲ ಎಂದು ನೆನಪಾಗಿ ಲಾಗನ್ನು ಇನ್ನೊಮ್ಮೆ ಓದಿದಳು.

"ಒಂದೇ ಏಟು ಹಾಕಕ್ಕ. ಅಲ್ಲಿ ಜೀವ ಹೋಗ್ತಿದೆ," ಎಂದ ಅವನು.

ಅವಳು ಒಂಬತ್ತಿಲ್ಲದ ಬರೀ ಆಜ್ಞೆಯನ್ನೇ ಕೊಟ್ಟಳು, ಸಾಮಾನು ಎತ್ತಿಟ್ಟು ಹೊರಡಪ್ಪ ಎನ್ನುವಂಥದ್ದು. ಬೀಗದ ಫೈಲನ್ನೇ ಅಳಿಸಿ ದಾರಿ ಮಾಡಿಕೊಳ್ಳಲು ಹೋಗಲಿಲ್ಲ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಆ ಸಂಖ್ಯೆ ಹಾಗೇ ಇತ್ತು. ಫೋನು ಮತ್ತೆ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಅವಳ ಬಲಗೈ ತಾನಾಗಿಯೇ ಕೀಲಿಮಣೆಯ ಮೇಲಕ್ಕೆ ಸರಿಯಿತು.

ನಲವತ್ತನೆಯ ಸೆಕೆಂಡಿಗೆ ಸಂಖ್ಯೆ ಮಾಯವಾಯಿತು.

ಅರ್ಧಕ್ಕೆ ನಿಂತದ್ದೇನಾದರೂ ಇದ್ದರೆ ಸರಿಪಡಿಸು ಎಂಬ ಆಜ್ಞೆ ಕೊಟ್ಟು ಅದು ಮುಗಿಯುವವರೆಗೂ ಕಾದಳು. ಟೆಕ್ನಿಷಿಯನ್ ಹಲ್ಲು ಕಡಿಯುತ್ತಿದ್ದ. ಆಮೇಲೆ ಪ್ರಿಂಟರಿನ ಸಾಫ್ಟ್‌ವೇರ್ ತಕರಾರಿಲ್ಲದೆ ಒಳಗೆ ಹೋಯಿತು. ಎರಡು ಚೀಟಿ ಹೊರಬಂದವು. ಅವುಗಳ ಮೇಲಿನ ಗುಂಪನ್ನು ಪರದೆಯ ಮೇಲಿನ ದಾಖಲೆಯ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡಿದಳು. ಅವನು ಚೀಟಿ ಅಂಟಿಸಿಕೊಂಡು ಓಡಿದ.

ಮಧ್ಯಾಹ್ನ ಖಾಲಿ ಪೆಟ್ಟಿಗೆ ಹಿಡಿದು ಬಂದವನು, ಹೆಂಗಸು ಉಳಿದಳು, ಮಗು ಹಾಲು ಕುಡಿಯುತ್ತಿದೆ ಎಂದ. ನಿಧಾನಕ್ಕನಷ್ಟು ಗಟ್ಟಿಗುಂಡಿಗೆ ತನಗಿಲ್ಲ ಎಂದೂ ಸೇರಿಸಿದ.

ಅವಳು ಮಡಿಲಲ್ಲಿದ್ದ ಕೈಯನ್ನು ನೋಡಿಕೊಂಡಳು. 

"ಎರಡನೇ ಸಲ ಫೋನ್ ಬಂತಲ್ಲ, ಆಗಲೇ ಒಂಬತ್ತರ ಮೇಲೆ ಬೆರಳಿಟ್ಟಿದ್ದೆ," ಎಂದಳು. "ಅದು ತಾನಾಗೇ ನಿಲ್ತು. ಇಲ್ದಿದ್ರೆ ಒತ್ತಿಬಿಡ್ತಿದ್ದೆ."