ಅಂಟತ್ತೆ ಕಂಪನಿಯ ಅಭಿಪ್ರಾಯ ಹೇಳಿದ್ದು

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ನೋಡುವುದು ನೆಲ. ಮನೆಯವರ ಮುಖ ಆಮೇಲೆ. ಎಲ್ಲಾದರೂ ಬಿರುಕು ಕಂಡಿತೋ, ಬಗ್ಗಿ, ಉಗುರು ತೂರಿಸಿ, ಆಳ ನೋಡಿ, "ಇದಕ್ಕೆ ಹೋದ ವರ್ಷವೇ ಅಂಟು ಬಿಡ್ಬೇಕಿತ್ತು" ಅಂದ ಮೇಲೆಯೇ ಚೆನ್ನಾಗಿದ್ದೀರಾ ಎಂಬ ಮಾತು. ಹರೆಯದಲ್ಲಿ ಒಂದು ಕಡೆ ತನ್ನದೇ ಮದುವೆಯ ಮಾತುಕತೆಗೆ ಹೋದಾಗ ಹುಡುಗನ ತಂದೆಗೆ, "ನಿಮ್ಮನೆ ಹಿಂದಿನ ಗೋಡೆ ಕೂರ್ತಾ ಇದೆ, ನೋಡ್ಕೊಳ್ಳಿ" ಅಂದುಬಿಟ್ಟಳಂತೆ. ಸಂಬಂಧ ಅಲ್ಲೇ ಮುರಿಯಿತು. ಮರುವರ್ಷ ಗೋಡೆಯೂ ಬಿತ್ತು. ಸಂಬಂಧ ಮುರಿದ ದುಃಖಕ್ಕಿಂತ ಗೋಡೆ ಬಿದ್ದ ಖುಷಿಯೇ ಅವಳಿಗೆ ಇವತ್ತಿಗೂ ಹೆಚ್ಚು.

ನಮ್ಮದು ಸಣ್ಣ ಕಾರ್ಖಾನೆ. ಹೆದ್ದಾರಿಯ ಕಾಂಕ್ರೀಟ್ ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿರುತ್ತಾರಲ್ಲ, ಬಿಸಿಲಿಗೆ ಹಿಗ್ಗಲಿ, ಚಳಿಗೆ ಕುಗ್ಗಲಿ ಎಂದು, ಆ ಸಂದಿಗೆ ಕಾಯಿಸಿ ಸುರಿಯುವ ಕರಿ ಅಂಟು ನಮ್ಮ ಸರಕು. ಅಂಟು ಕಾಯಿಸುವುದು ಅಪ್ಪ, ಲೆಕ್ಕ ಬರೆಯುವುದು ನಾನು, ಉಳಿದದ್ದೆಲ್ಲ ಅಪ್ಪನ ತಂಗಿಯಾದ ಈ ಅತ್ತೆ. ಕೆಲಸದವರ ಬಾಯಲ್ಲಿ ಅವಳು ಅಂಟತ್ತೆ. ವಯಸ್ಸು ಐವತ್ತು ದಾಟಿದೆ, ಮದುವೆಯಾಗಿಲ್ಲ. ಎಷ್ಟು ಒಗೆದರೂ ಅವಳ ಬಟ್ಟೆಯ ಅಂಚಿನಲ್ಲಿ ಒಂದು ಕರಿ ಕಲೆ ಇದ್ದೇ ಇರುತ್ತದೆ.

ನಮ್ಮ ದೇಶದಲ್ಲಿ ಎಷ್ಟು ಪ್ರಾಂತ್ಯಗಳೋ ಅಷ್ಟು ರಸ್ತೆ ಇಲಾಖೆಗಳು, ಅಷ್ಟು ಪರೀಕ್ಷೆಗಳು. ಒಂದು ಲ್ಯಾಬಿನವರು ಅಂಟನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಇನ್ನೊಬ್ಬರು ಒಲೆಯಲ್ಲಿಟ್ಟು ಬೇಯಿಸುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅದೇ ಡಬ್ಬ, ಅದೇ ಅಂಟು. ಅಲ್ಲಿ ಪಾಸು, ಇಲ್ಲಿ ಫೇಲು. ಡಬ್ಬ ಹೊತ್ತು ಇವರೆಲ್ಲರ ಬಾಗಿಲಿಗೂ ಹೋಗಿ ಬರುವವಳು ಅತ್ತೆ.

ಎಲ್ಲರಿಗಿಂತ ಕಟ್ಟುನಿಟ್ಟು ಬೆಟ್ಟದ ಪ್ರಾಂತ್ಯದ ಲ್ಯಾಬು. ಅಲ್ಲಿ ಎರಡು ಕಾಂಕ್ರೀಟ್ ತುಂಡುಗಳ ನಡುವೆ ಅಂಟು ಸುರಿದು, ಚಳಿಪೆಟ್ಟಿಗೆಯೊಳಗೆ ಇಡುತ್ತಾರೆ. ಯಂತ್ರ ಅವೆರಡನ್ನೂ ಇರುವೆ ನಡಿಗೆಯಲ್ಲಿ ಆಚೀಚೆ ಎಳೆಯುತ್ತದೆ. ಅಂಟು ಕಾಂಕ್ರೀಟಿನಿಂದ ಬಿಟ್ಟುಕೊಂಡರೆ ಫೇಲು. ಇಡೀ ದಿನದ ಕೆಲಸ ಅದು. ಪೆಟ್ಟಿಗೆಯ ಗಾಜಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಲ್ಯಾಬಿನ ಸಾಹೇಬರು, ಇನ್ನೊಂದರಲ್ಲಿ ಅತ್ತೆ. ಸಾಹೇಬರು ಒಂಟಿ ಜೀವ, ಸ್ವೆಟರಿನ ಮೇಲೆ ಸ್ವೆಟರು ಹಾಕುವವರು, ಮಾತು ಮುತ್ತಿಗಿಂತ ತುಟ್ಟಿ. ನಮ್ಮ ಅಂಟು ಅಲ್ಲಿ ಪ್ರತಿ ವರ್ಷವೂ ಫೇಲಾಯಿತು. ಅತ್ತೆ ಪ್ರತಿ ವರ್ಷವೂ ಹಾಡು ಗುನುಗುತ್ತ ಮನೆಗೆ ಬಂದಳು. ಫೇಲಾದವರು ಎಲ್ಲಾದರೂ ಹಾಡುತ್ತಾರೆಯೇ? ನಾನೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ.

"ಆ ಸಾಹೇಬರು ಏನಂದ್ರು ಅತ್ತೆ?"

"ಚಳಿ ಜಾಸ್ತಿ ಇದೆ ಅಂದ್ರು."

"ಇಡೀ ದಿನ ಕೂತು ಅಷ್ಟೇನಾ?"

"ಎರಡು ಸಲ ಅಂದ್ರು ಕಣೇ" ಅಂದಳು, ಕೆನ್ನೆ ಕೆಂಪಗೆ ಮಾಡಿಕೊಂಡು.

ಹೀಗಿರುವಾಗ ಕೇಂದ್ರದಿಂದ ಸುದ್ದಿ ಬಂತು. ಇನ್ನು ಮುಂದೆ ರಸ್ತೆಯ ಸರಕುಗಳಿಗೆಲ್ಲ ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಒಂದೇ ಜಾಗದಲ್ಲಿ. ಅಲ್ಲಿ ಬಂದ ಫಲಿತಾಂಶವನ್ನೇ ಎಲ್ಲ ಪ್ರಾಂತ್ಯಗಳೂ ಒಪ್ಪಿಕೊಳ್ಳಬೇಕು. ಇದು ಬೇಕೋ ಬೇಡವೋ ಎಂದು ತಯಾರಕರನ್ನು ಕೇಳಲು ಒಂದು ಸಭೆ. "ಹೋಗಿ ಹೂಂ ಅಂದು ಬಾ" ಎಂದು ಅಪ್ಪ ಅತ್ತೆಯನ್ನೇ ಕಳಿಸಿದ. ಜೊತೆಗೆ ನಾನೂ ಹೊರಟೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ದಾರಿಯುದ್ದಕ್ಕೂ ಒಂದೇ ಒಂದು ಬಿರುಕನ್ನೂ ಬೈಯಲಿಲ್ಲ. ಯಾಕೆಂದು ನನಗೆ ಆಗ ಹೊಳೆಯಿತು. ಒಂದೇ ಪರೀಕ್ಷೆ ಬಂದರೆ ಬೆಟ್ಟದ ಲ್ಯಾಬಿಗೆ ಹೋಗಲು ಅವಳಿಗೆ ನೆಪವೇ ಉಳಿಯುವುದಿಲ್ಲ. ವರ್ಷಕ್ಕೊಂದು ದಿನದ ಆ ಸುಖಕ್ಕೂ ಕಲ್ಲು ಬೀಳುತ್ತದೆ, ಅದನ್ನೂ ತನ್ನ ಬಾಯಿಂದಲೇ ಹೂಂ ಅಂದು ಹಾಕಿಸಿಕೊಳ್ಳಬೇಕು.

"ಹೂಂ ಅಂತೀಯಾ ಅತ್ತೆ?"

"ಅಣ್ಣ ಹೇಳಿದಾನಲ್ಲ" ಅಂದಳು, ತಿರುಗಿ ಕೂಡ ನೋಡದೆ.

ಸಭೆಯ ಬಾಗಿಲಲ್ಲಿ ಅತ್ತೆಯ ಎದೆಗೆ ಕಂಪನಿಯ ಹೆಸರಿನ ಚೀಟಿ ಚುಚ್ಚಿದರು. ಒಳಗೆ ವೇದಿಕೆಯ ಮೇಲೆ ಎಲ್ಲ ಲ್ಯಾಬಿನವರೂ ಸಾಲಾಗಿ ಕೂತಿದ್ದರು. ನಮ್ಮ ಸಾಹೇಬರೂ ಇದ್ದರು, ಆ ಸೆಖೆಯಲ್ಲೂ ಎರಡು ಸ್ವೆಟರು.

ದೊಡ್ಡ ಸಿಮೆಂಟ್ ಕಂಪನಿಯವರು ಮೊದಲು ಎದ್ದರು. "ಮೂಗಿಗಿಂತ ಮೂಗುತಿ ಭಾರ ಆಗಿದೆ. ಸರಕು ಮಾಡೋದಕ್ಕಿಂತ ಅದನ್ನ ಹೊತ್ಕೊಂಡು ಅಲೆಯೋ ಖರ್ಚೇ ಹೆಚ್ಚು. ಒಂದೇ ಪರೀಕ್ಷೆ ಇರಲಿ." ರಸ್ತೆಗೆ ಬಿಳಿ ಗೆರೆ ಎಳೆಯುವ ಬಣ್ಣ ಮಾಡುವವರು ಸಣ್ಣ ಕುಳ, ಅವರಿಗೆ ಹೆದರಿಕೆ. "ಈಗ ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಇರುತ್ತೆ. ಇರೋದೇ ಒಂದು ಬಾಗಿಲು, ಅದೂ ಮುಚ್ಚಿಹೋಯ್ತು ಅಂದ್ರೆ ನಾವು ಎಲ್ಲಿಗೆ ಹೋಗೋಣ?" ರಸ್ತೆ ಬದಿಯ ತಡೆಬೇಲಿ ಮಾಡುವವರು ಇದೂ ಸರಿ ಅದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕೂತರು.

ಆಮೇಲೆ ಲ್ಯಾಬುಗಳ ಪರವಾಗಿ ನಮ್ಮ ಸಾಹೇಬರು ಎದ್ದು ನಿಂತು, "ಒಂದೇ ಪರೀಕ್ಷೆ ಬರಲಿ. ಆದಷ್ಟು ಬೇಗ ಬರಲಿ" ಅಂದು ಕೂತರು.

ಆ 'ಆದಷ್ಟು ಬೇಗ' ಅತ್ತೆಗೆ ನಾಟಿತು. ನಾನು ಸೆರಗು ಹಿಡಿಯುವಷ್ಟರಲ್ಲಿ ಎದ್ದು ನಿಂತಿದ್ದಳು.

"ಯಾಕೆ ಅಷ್ಟು ಅವಸರ? ಬಿಸಿಲಿನ ಕಡೆಗೂ ಹಿಮದ ಕಡೆಗೂ ಒಂದೇ ಪರೀಕ್ಷೆ ಹೇಗೆ ಆಗುತ್ತೆ? ನಿಮ್ಮ ಬೆಟ್ಟದ ಚಳಿ ಅವರಿಗೇನು ಗೊತ್ತು?"

"ಚಳಿ ಪರೀಕ್ಷೆನೂ ಅದರಲ್ಲೇ ಸೇರುತ್ತೆ ಮೇಡಂ."

"ನಮ್ಮ ಅಂಟು ನಿಮ್ಮ ಲ್ಯಾಬಲ್ಲಿ ಇನ್ನೂ ಪಾಸಾಗಿಲ್ಲ."

"ನಮ್ಮಲ್ಲೇ ಪಾಸಾಗ್ಬೇಕು ಅಂತ ಏನಿದೆ?"

"ಇದೆ."

"ಏನಿದೆ?"

ಊರಿಗೆಲ್ಲ ಬುದ್ಧಿ ಹೇಳುವ ನಮ್ಮತ್ತೆ ಸೆರಗಿನ ಅಂಚಿನ ಕರಿ ಕಲೆಯನ್ನು ಉಗುರಿನಿಂದ ಕೆರೆದಳು. ಕೊನೆಗೆ ಸಣ್ಣ ದನಿಯಲ್ಲಿ, "ನಾನು ಅಲ್ಲಿಗೆ ಬರೋದು ನಿಮಗೆ ಅಷ್ಟೊಂದು ಬೇಜಾರಾ?" ಅಂದಳು.

ಸಿಮೆಂಟಿನವರು ಕುರ್ಚಿಯ ತುದಿಗೆ ಸರಿದರು. ಸಾಹೇಬರು ಕನ್ನಡಕ ತೆಗೆದು ಮೇಲಿನ ಸ್ವೆಟರಿನಲ್ಲಿ ಒರೆಸಿದರು. ಸಾಲದೆಂದು ಒಳಗಿನದರಲ್ಲೂ ಒರೆಸಿದರು.

"ಮೇಡಂ, ನಮಗೊಂದು ನಿಯಮ ಇದೆ. ಪರೀಕ್ಷೆ ಮಾಡೋರು ಕಂಪನಿಯವರ ಹತ್ರ ಕೆಲಸದ ಮಾತು ಬಿಟ್ಟು ಬೇರೆ ಆಡೋ ಹಾಗಿಲ್ಲ. ಹವಾಮಾನ ಒಂದು ಆಡಬಹುದು. ಇಷ್ಟು ವರ್ಷ ನಾನು ಅದನ್ನೇ ಆಡಿದೀನಿ. ಈ ಪರೀಕ್ಷೆ ನನ್ನ ಕೈಯಿಂದ ಹೋದ್ರೆ, ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಏನು ಮಾತು?"

"ಈಗ ಕೇಳೋ ಹಾಗಿಲ್ಲ. ನಿಯಮ ಇನ್ನೂ ಜಾರಿಯಲ್ಲಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಸಭಾಂಗಣ ಹೋ ಎಂದು ನಕ್ಕಿತು. ಅಧ್ಯಕ್ಷರು ಮೇಜು ಕುಟ್ಟಿ ಕುಟ್ಟಿ ಸುಸ್ತಾದರು. "ಮೇಡಂ, ದಯವಿಟ್ಟು ನಿಮ್ಮ ಕಂಪನಿಯ ಅಭಿಪ್ರಾಯ ಹೇಳಿ ಕೂತ್ಕೊಳ್ಳಿ."

ಅತ್ತೆ ಒಮ್ಮೆ ತನ್ನ ಎದೆಯ ಮೇಲಿನ ಚೀಟಿ ನೋಡಿಕೊಂಡಳು. ಪಿನ್ನು ಸಮೇತ ಕಿತ್ತು, ಬಗ್ಗಿ, ಅದನ್ನು ನನ್ನ ಬಟ್ಟೆಗೆ ಚುಚ್ಚಿದಳು. ಬಟ್ಟೆಗಿಂತ ನನಗೇ ಹೆಚ್ಚು ಚುಚ್ಚಿತು.

"ಕಂಪನಿ ಅಂದ್ರೆ ಇವಳು. ನಾನು ಈಗಷ್ಟೇ ಕೆಲಸ ಬಿಟ್ಟೆ. ಅಭಿಪ್ರಾಯ ಬೇಕಾದ್ರೆ ಇವಳನ್ನ ಕೇಳಿ" ಅಂದಳು. ಆಮೇಲೆ ವೇದಿಕೆಯ ಕಡೆ ತಿರುಗಿ, "ನೀವು ಈಗ ಕೇಳಿ" ಅಂದಳು.

ಸಾಹೇಬರು ಪಕ್ಕದ ಲ್ಯಾಬಿನವರ ಮುಖ ನೋಡಿದರು. ಅವರು ನಿಯಮವನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ, ತೊಂದರೆಯಿಲ್ಲ ಎಂಬಂತೆ ತಲೆಯಾಡಿಸಿದರು.

"ಮದುವೆ ಆಗ್ತೀರಾ ಅಂತ" ಅಂದರು ಸಾಹೇಬರು, ಮೈಕು ಆರಿಸುವುದನ್ನು ಮರೆತು.

"ಇಷ್ಟು ಕೇಳೋದಕ್ಕೆ ಇಡೀ ದೇಶದ ಪರೀಕ್ಷೆ ಬದಲಾಯಿಸ್ಬೇಕಿತ್ತಾ?" ಅಂದಳು ಅತ್ತೆ. "ಆಗ್ತೀನಿ."

ಚಪ್ಪಾಳೆಗೆ ಕಿವಿ ಗುಂಯ್‌ಗುಟ್ಟಿತು. ಬಿಳಿ ಬಣ್ಣದವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೇಕು ಅನ್ನುವವರು ಕೈ ಎತ್ತಿ ಎಂದು ಅಧ್ಯಕ್ಷರು ಅಂದಾಗ ನಾನು ಎತ್ತಿದೆ. ಬೇಡ ಅನ್ನುವವರು ಎತ್ತಿ ಅಂದಾಗಲೂ ಎತ್ತಿದೆನಂತೆ. ಅಷ್ಟು ಖುಷಿಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಒಟ್ಟಿನಲ್ಲಿ ಒಂದೇ ಪರೀಕ್ಷೆ ಬೇಕು ಅಂದವರೇ ಗೆದ್ದರು.

ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದೆ. ಅವನ ಬಲಗೈ ಕೆಲಸ ಬಿಟ್ಟಿದ್ದಾಳೆ, ಬೈಯುತ್ತಾನೆ ಎಂದು ಫೋನನ್ನು ಕಿವಿಯಿಂದ ಒಂದು ಗೇಣು ದೂರವೇ ಹಿಡಿದೆ.

"ಹೂಂ ಅಂದ್ಲಾ?" ಅಂದ.

"ಅಂದ್ಲು ಅಪ್ಪಾ. ಪರೀಕ್ಷೆಗಲ್ಲ, ಆ ಬೆಟ್ಟದ ಸಾಹೇಬರಿಗೆ" ಎಂದು ನಡೆದದ್ದೆಲ್ಲ ಹೇಳಿದೆ.

"ಅಪ್ಪಾ, ಕೋಪಾನಾ?"

"ಕೋಪ ಎಲ್ಲಿಂದ ಬರಬೇಕು? ಆ ಚಳಿಗೆ ತಡೆಯೋ ಅಂಟು ಮಾಡೋಕೆ ನನಗೆ ಬರಲ್ಲ ಅಂದ್ಕೊಂಡ್ಯೇನೇ? ಕಾಯಿಸುವಾಗ ಒಂದಿಷ್ಟು ಎಣ್ಣೆ ಜಾಸ್ತಿ ಹಾಕಿದ್ರೆ ಮುಗೀತು. ಆದ್ರೆ ಪಾಸಾಗಿಬಿಟ್ರೆ ಮರುವರ್ಷ ಅವಳನ್ನ ಅಲ್ಲಿಗೆ ಏನು ಹೇಳಿ ಕಳಿಸಲಿ?"

"ಮತ್ತೆ ಈ ಪರೀಕ್ಷೆಗೆ ಹೂಂ ಅನ್ನು ಅಂದಿದ್ಯಲ್ಲಪ್ಪಾ?" ಅಂದೆ.

"ನೆಪ ತಪ್ಪಿದ್ರಾದ್ರೂ ಇಬ್ಬರಲ್ಲಿ ಒಬ್ಬರು ಬಾಯಿ ಬಿಡ್ತಾರೇನೋ ಅಂತ" ಅಂದ ಅಪ್ಪ. "ಎಷ್ಟು ವರ್ಷ ಅಂತ ನಾನು ಕೆಟ್ಟ ಅಂಟು ಮಾಡ್ಲಿ ಹೇಳು?"