ವರ್ನಾ ಸ್ಟೀವ್ಸ್ ಕೊಟ್ಟ ಸಾಕ್ಷಿ

ಎಂಬತ್ತೊಂದರ ವರ್ನಾ ಸ್ಟೀವ್ಸ್‌ಗೆ ಸಾಕುಸಾಕಾಗಿತ್ತು. ಮಂಡಿನೋವು ಹಳೆಯ ನೆಂಟ, ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಾಕಾಗಿದ್ದು ಎರಡು ಚರ್ಚಿನವರ ಎಳೆದಾಟ. ಇರುವವನು ಒಬ್ಬನೇ ದೇವರು, ಅವನ ಮುಂದೆ ಸಾಕ್ಷಿಗೆ ಇಬ್ಬರಿಗೂ ಇವಳೇ ಬೇಕು.

ನದೀತೀರದ ಆ ಊರಿನ ಆಸ್ಪತ್ರೆಯನ್ನು ಒಂದು ಕಾಲಕ್ಕೆ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದರು. ಅವರಲ್ಲಿ ಸಿಸ್ಟರ್ ಒಡೀಲ್ ತೀರಿಕೊಂಡ ಮರುಚಳಿಗಾಲ ಲೂಸೆಟ್ ಗೋದೇ ಎಂಬ ಎಂಟು ವರ್ಷದ ಹುಡುಗಿಗೆ ಮಿದುಳು ಜ್ವರ ಬಂತು. ಡಾಕ್ಟರು ಕೈಚೆಲ್ಲಿದರು. ಹುಡುಗಿಯ ತಾಯಿ ಒಡೀಲ್ ತಲೆಗೆ ಹೊದೆಯುತ್ತಿದ್ದ ಬಟ್ಟೆಯ ಚೂರೊಂದನ್ನು ದಿಂಬಿನಡಿ ಇಟ್ಟು, ಸತ್ತ ಸಿಸ್ಟರಿಗೆ ಮೊರೆಯಿಟ್ಟಳು. ಹುಡುಗಿ ಬದುಕಿತು. ಈಗ ಅವಳು ಐವತ್ತು ತುಂಬಿ ಪೇಟೆಯಲ್ಲಿ ಬೇಕರಿ ಇಟ್ಟುಕೊಂಡಿದ್ದಾಳೆ. ಒಡೀಲ್ ಸಂತಳು ಹೌದೋ ಅಲ್ಲವೋ ಎಂದು ಕ್ಯಾಥೊಲಿಕರು ಈ ಪವಾಡವನ್ನು ಮುಂದಿಟ್ಟು ವಿಚಾರಣೆ ಹೂಡಿದಾಗ ತಾಯಿಯೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ಆ ದಿನ ವಾರ್ಡಿನಲ್ಲಿದ್ದು ಇನ್ನೂ ಉಸಿರಾಡುತ್ತಿರುವವಳು ನರ್ಸ್ ವರ್ನಾ ಒಬ್ಬಳೇ. ಅವಳೋ ಸಂತರಿಗೆ ಮೊರೆಯಿಡುವುದನ್ನು ಒಪ್ಪದ ಬ್ಯಾಪ್ಟಿಸ್ಟ್ ಪಂಥದವಳು.

ಬ್ಯಾಪ್ಟಿಸ್ಟರ ಹತ್ತಿರ ಬೇರೆಯದೇ ಕತೆಯಿತ್ತು. ವರ್ನಾ ಹಾಸಿಗೆಯ ಪಕ್ಕ ಮಂಡಿಯೂರಿ ನೇರವಾಗಿ ಯೇಸುವಿಗೆ ಪ್ರಾರ್ಥಿಸಿದಳು, ಅದಕ್ಕೇ ಹುಡುಗಿ ಉಳಿಯಿತು ಎಂದು ಅವಳ ತಮ್ಮ ಹಾರ್ಲಿ ಆ ಭಾನುವಾರವೇ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ. ಕೆಟ್ಟ ಮನಸ್ಸಿನಿಂದಲ್ಲ, ನಮ್ಮಕ್ಕ ಬೇರೇನು ತಾನೆ ಮಾಡಿಯಾಳು ಎಂದುಕೊಂಡು. ವರ್ನಾಗೆ ಆಗ ಬಾಯಿ ತೆರೆಯುವಷ್ಟೂ ತ್ರಾಣವಿರಲಿಲ್ಲ. ಆಮೇಲೆ ಹೇಳೋಣವೆಂದರೆ ಕತೆ ಊರೆಲ್ಲ ಸುತ್ತಿ ಬಂದಾಗಿತ್ತು.

ಆಸ್ಪತ್ರೆಗೆ ಸೇರಿದ ದಿನ ಅವಳಮ್ಮ, ಅವರ ರೊಟ್ಟಿ ತಿನ್ನು, ಅವರ ಬೊಂಬೆಗೆ ಬಗ್ಗಬೇಡ ಎಂದು ಹೇಳಿ ಕಳಿಸಿದ್ದಳು. ಹದಿನೇಳು ವರ್ಷ ವರ್ನಾ ಪಡಸಾಲೆಯ ಸಂತ ಆನಳ ಮೂರ್ತಿಯನ್ನು ಕಪಾಟು ಒರೆಸಿದ ಹಾಗೆ ಒರೆಸಿದಳು. ಅಮ್ಮ ಹೇಳಿದಳೆಂದಲ್ಲ, ಅವಳು ನಂಬಿದ್ದೂ ಅದನ್ನೇ. ಸತ್ತವರು ದೇವರ ಕೈಯಲ್ಲಿ ಮಲಗಿರುತ್ತಾರೆ, ಅವರನ್ನು ಕೂಗಿ ಎಬ್ಬಿಸಬಾರದು. ದೇವರಿಗೂ ಮನುಷ್ಯನಿಗೂ ನಡುವೆ ಕ್ರಿಸ್ತನೊಬ್ಬನೇ, ಇನ್ನೊಬ್ಬರನ್ನು ತಂದು ನಿಲ್ಲಿಸಿದರೆ ಅವನಿಗೆ ಮಾಡಿದ ಅವಮಾನ.

ಒಡೀಲ್‌ಗೆ ಇದೊಂದು ತಮಾಷೆ. ಒಮ್ಮೆ ಬೇಕೆಂದೇ ಕೆಣಕಿದ್ದಳು.

“ದೊಡ್ಡ ಡಾಕ್ಟರ ಹತ್ರ ರಜ ಕೇಳೋಕೆ ನನ್ನ ಕಳಿಸ್ತೀಯಲ್ಲ ಹುಡುಗಿ, ಇದೂ ಹಾಗೇ ಅಂದ್ಕೋ.”

“ಡಾಕ್ಟರಿಗೆ ಒಂದು ಕಿವಿ ಮಂದ, ಸಿಸ್ಟರ್. ದೇವರಿಗೆ ಎರಡೂ ಚೆನ್ನಾಗಿವೆ.”

ಒಡೀಲ್ ಕೆಮ್ಮು ಬರುವವರೆಗೆ ನಕ್ಕಿದ್ದಳು. ಅಷ್ಟು ಒಳ್ಳೆಯ ಜೊತೆಗಾತಿ ವರ್ನಾಗೆ ಆಮೇಲೆ ಸಿಗಲಿಲ್ಲ.

ವಿಚಾರಣೆಯ ದಿನ ಹಾರ್ಲಿಯೇ ಕಾರಿನಲ್ಲಿ ಕರೆದೊಯ್ದ. ಮೊರೆಯಿಟ್ಟಿದ್ದು ಒಡೀಲ್ ಒಬ್ಬಳಿಗೇ ಎಂದು ಸಾಬೀತಾಗದಿದ್ದರೆ ಪವಾಡ ಅವಳ ಲೆಕ್ಕಕ್ಕೆ ಬರುವುದಿಲ್ಲವೆಂದು ಅವನು ತಿಳಿದುಕೊಂಡಿದ್ದ.

“ಯೇಸುವನ್ನೇ ಕೇಳ್ದೆ ಅಂತ ಹೇಳ್ಬಿಡಕ್ಕ, ಅಲ್ಲಿಗೆ ಮುಗೀತು. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕತೆ ಇವರದು.”

ವರ್ನಾ ಕಿಟಕಿಯ ಕಡೆ ಮುಖ ಮಾಡಿದಳು.

ಕ್ಯಾಥೊಲಿಕ್ ಚರ್ಚಿನ ಹಿಂದಿನ ಕೋಣೆಯಲ್ಲಿ ಫಾದರ್ ಬಸ್ತರಾಶ್ ಎಂಬ ನಡುವಯಸ್ಸಿನ ಪಾದ್ರಿ, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಕಾಗದದ ಲೋಟದಲ್ಲಿ ಚಹ. ಬೈಬಲ್ ಮುಟ್ಟಿ ಪ್ರಮಾಣ ಮಾಡಿಸಿದರು. ಜ್ವರ, ಔಷಧಿ, ಹೊತ್ತು, ಎಲ್ಲ ಕೇಳಿ ಮುಗಿದ ಮೇಲೆ ಪಾದ್ರಿ, ಆ ದಿನ ನೀವೇನಾದರೂ ಪ್ರಾರ್ಥನೆ ಮಾಡಿದಿರಾ ಎಂದು ಕೇಳಿದರು.

ಹೌದು ಎಂದರೆ ಹಾರ್ಲಿ ಗೆದ್ದ, ಬೈಬಲ್ ಮೇಲೆ ಕೈಯಿಟ್ಟು ಇವಳು ಸುಳ್ಳಿಯಾದಳು. ಇಲ್ಲ ಎಂದರೆ ತನ್ನವರ ನಡುವೆ ತಲೆಯೆತ್ತುವ ಹಾಗಿಲ್ಲ.

ವರ್ನಾ ಇಲ್ಲ ಎಂದಳು. ಹಿಂದಿನ ದಿನ ಬೆಳಿಗ್ಗೆಯಿಂದ ನಿಂತೇ ಇದ್ದಳಂತೆ. ಹಿಮ ಬಿದ್ದು ದಾರಿ ಮುಚ್ಚಿ, ಡ್ಯೂಟಿ ಬಿಡಿಸಲು ಯಾರೂ ಬಂದಿರಲಿಲ್ಲ. ಪ್ರಾರ್ಥಿಸಲು ನೋಡಿದರೆ ಒಂದು ಪದವೂ ಬರಲಿಲ್ಲ. ಆಗ ಮಧ್ಯಾಹ್ನ ಮೂರು ಹೊಡೆಯಿತು. ಅಷ್ಟೂ ವರ್ಷ ಆ ಹೊತ್ತಿಗೆ ಡ್ಯೂಟಿ ವಹಿಸಿಕೊಳ್ಳಲು ಬರುತ್ತಿದ್ದವಳು ಒಡೀಲ್. ಒಂದೊಂದು ಹಾಸಿಗೆಯ ವಿಷಯ ಅವಳಿಗೆ ಒಪ್ಪಿಸಿದ ಮೇಲೇ ವರ್ನಾ ಮನೆಗೆ ಹೊರಡುವುದು. ಆ ದಿನವೂ ಮೇಜಿನ ಮುಂದೆ ನಿಂತು ಖಾಲಿ ಕುರ್ಚಿಗೆ ಒಪ್ಪಿಸಿದಳು.

“ನಾಲ್ಕನೇ ಹಾಸಿಗೆ, ಗೋದೇ ಹುಡುಗಿ, ಜ್ವರ ನೂರಾ ಐದು ಅಂದೆ. ನನ್ನ ಕೈಲಾಗಲ್ಲ ಸಿಸ್ಟರ್, ಇನ್ನು ನೀವು ನೋಡ್ಕೊಳ್ಳಿ ಅಂದೆ. ಕೂತಲ್ಲೇ ನಿದ್ದೆ ಹೋದೆ, ನರ್ಸಾಗಿ ಅದೂ ತಪ್ಪೇ. ಎಚ್ಚರ ಆದಾಗ ಹುಡುಗಿ ನೀರು ಕೇಳ್ತಿತ್ತು.”

ಗುಮಾಸ್ತನ ಪೆನ್ನು ನಿಂತಿತು. ಪಾದ್ರಿಯ ಮುಖ ಅರಳಿತು. ಹಾಗಾದರೆ ನೀವೂ ಸಿಸ್ಟರಿಗೇ ಪ್ರಾರ್ಥಿಸಿದಂತಾಯಿತಲ್ಲ ಅಮ್ಮಾ, ಎಂದರು.

“ಅದು ಪ್ರಾರ್ಥನೆ ಆಗಿದ್ರೆ ನಾನು ಪಾಪ ಮಾಡಿದೀನಿ, ಫಾದರ್. ಅಲ್ಲದಿದ್ರೆ ನಿಮಗೆ ನನ್ನಿಂದ ಉಪಯೋಗ ಇಲ್ಲ. ಯಾವುದು ಅಂತ ಇಷ್ಟು ವರ್ಷದಲ್ಲಿ ನನಗೇ ತಿಳಿದಿಲ್ಲ.”

ಪಾದ್ರಿ ಒಳ್ಳೆಯವರು, ಒತ್ತಾಯಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆಸಿ ಸಹಿ ಹಾಕಿಸಿಕೊಂಡರು.

ಕಾರಿನಲ್ಲಿ ಹಾರ್ಲಿಗೆ ಎಲ್ಲ ಹೇಳಿದಳು. ಭಾನುವಾರ ಸಭೆಯಲ್ಲೂ ಹೇಳುತ್ತೇನೆಂದಳು. ಅವನು ಕೀಲಿ ತಿರುಗಿಸದೆ ಕುಳಿತ. ಇಷ್ಟು ವರ್ಷ ಯಾಕೆ ಬಚ್ಚಿಟ್ಟೆ ಎಂದು ಕೊನೆಗೆ ಕೇಳಿದ.

“ನಾನು ಯೇಸುವನ್ನ ಕರೆದೆ ಅಂತ ನೀವೆಲ್ಲ ಹೇಳ್ಕೊಂಡು ಬಂದ್ರಿ. ನಾನು ಕರೆದಿರ್ಲಿಲ್ಲ. ಆಮೇಲೆ ಕರೆಯೋಕೆ ನಾಚಿಕೆ ಆಯ್ತು, ಹಾರ್ಲಿ. ಅವತ್ತಿಂದ ಪ್ರಾರ್ಥನೇಲಿ ನಿಮ್ಮ ಜೊತೆ ಬಾಯಿ ಆಡಿಸಿದೀನಿ, ಅಷ್ಟೇ.”

ಹಾರ್ಲಿಯ ಕಣ್ಣು ತುಂಬಿತು. ನಲವತ್ತೆರಡು ವರ್ಷ ಅಕ್ಕನ ಪಕ್ಕದಲ್ಲೇ ಕುಳಿತು ಪ್ರಾರ್ಥಿಸಿದವನು ಅವನು, ಒಂದು ದಿನವೂ ಅವಳ ಕಡೆ ತಿರುಗಿ ನೋಡಿರಲಿಲ್ಲ.

“ನಿನಗೆ ಆಗದಿದ್ರೆ,” ಎಂದ, “ನಿನ್ನ ಪರವಾಗಿ ನಾನು ಯೇಸುವನ್ನ ಕೇಳ್ಲಾ ಅಕ್ಕ?”

ವರ್ನಾ ತಲೆಯನ್ನು ಸೀಟಿಗೆ ಒರಗಿಸಿದಳು.

“ಕೇಳು,” ಎಂದಳು.

ಹಾರ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಪ್ರಾರ್ಥನೆಗೆ ಕಣ್ಣು ಮುಚ್ಚಿದ.