ಬೋರ್ಡಿನ ಬೆನ್ನು

ಅಮೆರಿಕದ ಮೇನ್ ಕರಾವಳಿಯ ನಮ್ಮ ಬಂದರಿನಲ್ಲಿ ಅಂಗಡಿಗಳ ಹೆಸರಿನ ಬೋರ್ಡು ಕೆತ್ತುವ ಮೆರಿಲ್‌ನಿಂದ ಬೈಸಿಕೊಳ್ಳದ ಅಂಗಡಿಯವರಿಲ್ಲ. ಬೀದಿಯಲ್ಲಿ ನಿಂತೇ ತಾನು ಮಾಡಿಕೊಟ್ಟ ಬೋರ್ಡುಗಳ ಬೆನ್ನಿಗೂ ಬಣ್ಣ ಹಚ್ಚಿಸಿದ್ದಾರಾ ಎಂದು ತಡವಿ ನೋಡುತ್ತಾನೆ. "ಮುಂದಿನಿಂದಲೇ ಬರ್ತೀನಿ ಅಂತ ಮಳೆ ನಿನಗೆ ಮಾತು ಕೊಟ್ಟಿದೆಯೇನಮ್ಮ? ಮೊಳೆ ಹೊಡೆದ ತೂತಿಗೆ ಬಣ್ಣ ಯಾರು ತುಂಬ್ತಾರೆ, ನಿಮ್ಮಜ್ಜನಾ?" ಎಂದು ಬೇಕರಿಯ ಡೋರ್ಕಸ್‌ಳನ್ನು ಗಿರಾಕಿಗಳೆದುರೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಮರದ ಬದಲು ಈಗ ಬರುವ ಗಟ್ಟಿ ಫೋಮಿನ ಬೋರ್ಡು ಕೊಳೆಯುವುದಿಲ್ಲವಲ್ಲ ಎಂದರೆ, "ಕೊಳೆಯಲ್ಲ, ಬಿಸಿಲಿಗೆ ಪುಡಿಯಾಗತ್ತೆ. ಅದಕ್ಕೂ ಮೈತುಂಬ ಬಣ್ಣ ಬೇಕು" ಎಂದು ಗದರುತ್ತಾನೆ. ಅವನ ತಮ್ಮ ದೋಣಿ ಸಮೇತ ಮುಳುಗಿದಾಗ, ಇವನು ಕೆತ್ತಿಕೊಟ್ಟಿದ್ದ ದೋಣಿಯ ಹೆಸರಿನ ಹಲಗೆಯೊಂದೇ ದಡಕ್ಕೆ ಬಂತು. ಚಿನ್ನದ ಅಕ್ಷರ ಒಂದೂ ಮಾಸಿರಲಿಲ್ಲ. ಅದನ್ನು ತನ್ನ ಬಾಗಿಲ ಮೇಲೆ ಬಿಸಿಲುಮಳೆಗೆ ನೇತುಹಾಕಿದ್ದಾನೆ, ಕುಂಚ ಮುಟ್ಟಿಸಿಲ್ಲ. ನಾನೊಮ್ಮೆ ವಾರ್ನಿಶ್ ಹಚ್ಚಲು ಹೋದಾಗ ಕೈ ಹಿಡಿದ: "ಬಿಡು. ಇದು ಕೊಳೆಯೋದನ್ನ ನಾನು ನೋಡ್ಬೇಕು."